ಇದು ಯಾರ ಹೊಣೆ?

‘ಹತ್ತು ಮಂದಿ ಸೇರಿದರೆ ಹಾವು ಸಾಯುವುದಿಲ್ಲ’ ಎಂಬ ಗಾದೆಯನ್ನು ನೀವು ಕೇಳಿಯೇ ಇದ್ದೀರಿ. ಹತ್ತು ಮಂದಿಗೂ ಕಣ್ಣುಂಟು, ಕೈಯಲ್ಲಿ ಕೋಲೂ ಉಂಟು. ಹೊಡೆಯತಕ್ಕವನು ಯಾರೆಂಬ ನಿಷ್ಕರ್ಷೆ ಮಾತ್ರ ಇಲ್ಲ. ರಾತ್ರಿ ಹಿತ್ತಲ ಬಾಗಿಲಿನ ಅಗುಳಿ ಹಾಕಲು ಅಣ್ಣ ತಮ್ಮನನ್ನೂ ತಮ್ಮ ಅಣ್ಣನನ್ನೂ ನೆಚ್ಚಿ ಮಲಗಿದರೆ ಮನೆಗೆ ನಾಲ್ಕು ಪಾತ್ರೆಗಳಷ್ಟೇ ನಷ್ಟವಾದೀತು. ಒಂದು ದೊಡ್ಡ ರಾಷ್ಟ್ರದ ಸೇನೆಯಲ್ಲಿಯೂ ಹೀಗೆಯೇ ಆಗಬಲ್ಲದೆಂದರೆ ನಂಬುವಿರಾ?

ಹವಾಯಿ ದ್ವೀಪಸಮೂಹದ ಪರ್ಲ್ ಹಾರ್ಬರ್‌ನಲ್ಲಿ 1941ರಲ್ಲಿ ಅಮೆರಿಕದ ಯುದ್ಧನೌಕೆಗಳ ದೊಡ್ಡ ತಂಡವೊಂದು ನಿಂತಿತ್ತು. ಅಲ್ಲಿ ಇಬ್ಬರು ಮುಖ್ಯಾಧಿಕಾರಿಗಳು. ನೌಕಾಪಡೆಗೆ ಅಡ್ಮಿರಲ್ ಕಿಮ್ಮೆಲ್, ಭೂಸೇನೆಗೆ ಜನರಲ್ ಷಾರ್ಟ್. ದ್ವೀಪವನ್ನೂ ಬಂದರನ್ನೂ ಕಾಯುವುದು, ರೇಡಾರ್ ನಡೆಸುವುದು ಭೂಸೇನೆಯ ಪಾಲು. ದೂರದ ಸಮುದ್ರದ ಮೇಲೆ ವಿಮಾನ ಹಾರಿಸಿ ಶತ್ರುವನ್ನು ಹುಡುಕುವುದು ನೌಕಾಪಡೆಯ ಪಾಲು. ಕಾಗದದ ಮೇಲೆ ಈ ಹಂಚಿಕೆ ಚೊಕ್ಕಟವಾಗಿಯೇ ಇತ್ತು. ಆದರೆ ಇಬ್ಬರ ಮೇಲೂ ಅಲ್ಲಿ ಒಬ್ಬ ಯಜಮಾನನಿರಲಿಲ್ಲ. ಪರಸ್ಪರ ಸಹಕಾರದಿಂದ ನಡೆಯಬೇಕೆಂದಿತ್ತು, ಅಷ್ಟೆ.

ಯುದ್ಧದ ಎಚ್ಚರಿಕೆ ನವೆಂಬರ್ 27ರಂದು ಇಬ್ಬರಿಗೂ ಬಂದಿತು. ಷಾರ್ಟ್ ಅದನ್ನು ಒಳಗಿನ ವಿಧ್ವಂಸಕರ ಭಯವೆಂದು ಎಣಿಸಿ, ಕಾವಲಿಗೆ ಅನುಕೂಲವೆಂದು ವಿಮಾನಗಳನ್ನು ಒತ್ತೊತ್ತಾಗಿ ನಿಲ್ಲಿಸಿದ. ಭೂಸೇನೆ ಪೂರ್ಣ ಸನ್ನದ್ಧವಾಗಿದೆಯೆಂದು ಕಿಮ್ಮೆಲ್ ತಿಳಿದ. ನೌಕಾಪಡೆ ದೂರದ ಶೋಧ ನಡೆಸುತ್ತಿದೆಯೆಂದು ಷಾರ್ಟ್ ತಿಳಿದ. ಎರಡೂ ನಿಜವಾಗಿರಲಿಲ್ಲ. ಇಬ್ಬರಿಗೂ ವೈರವಿತ್ತೆಂದು ಎಣಿಸಬೇಡಿ. ಡಿಸೆಂಬರ್ 7ರ ಭಾನುವಾರ ಬೆಳಿಗ್ಗೆ ಕೂಡಿ ಗಾಲ್ಫ್ ಆಡುವುದೆಂದು ಮಾತಾಗಿತ್ತು! ಸ್ನೇಹವಿದ್ದುದರಿಂದಲೇ ‘ನಿಮ್ಮ ಕೆಲಸ ನಡೆದಿದೆಯೆ?’ ಎಂದು ಕೇಳಲು ಸಂಕೋಚವಾಯಿತೋ ಏನೋ ಎಂದು ನನಗೆ ತೋರುತ್ತದೆ.

ಆ ದಿನ ಬೆಳಗಿನ ಏಳು ಗಂಟೆಗೆ ಮುಂಚೆಯೇ ‘ವಾರ್ಡ್’ ಎಂಬ ನೌಕೆ ಬಂದರಿನ ಬಾಯಲ್ಲಿ ಒಂದು ಪುಟ್ಟ ಜಲಾಂತರ್ಗಾಮಿಯನ್ನು ಮುಳುಗಿಸಿತು. ಸುದ್ದಿ ನೌಕಾಪಡೆಯೊಳಗೇ ಸುತ್ತಿತು, ಭೂಸೇನೆಗೆ ತಲುಪಲಿಲ್ಲ. 7 ಗಂಟೆ 2 ನಿಮಿಷಕ್ಕೆ ಇಬ್ಬರು ಸೈನಿಕರು ರೇಡಾರ್‌ನಲ್ಲಿ, ಉತ್ತರಕ್ಕೆ 130 ಮೈಲಿಗೂ ಆಚೆ, ವಿಮಾನಗಳ ದೊಡ್ಡ ಗುಂಪನ್ನು ಕಂಡರು. ವರದಿ ಕೇಳಿದ ಅಧಿಕಾರಿ ಆ ಕೆಲಸಕ್ಕೆ ಹೊಸಬ; ತಮ್ಮವೇ ಬಾಂಬರುಗಳು ಬರಲಿದ್ದುದನ್ನು ನೆನೆದು, ಚಿಂತೆ ಬೇಡವೆಂದ. ಅಲ್ಲಿರಬೇಕಾಗಿದ್ದ ನೌಕಾಪಡೆಯ ಪ್ರತಿನಿಧಿ ಅಲ್ಲಿರಲಿಲ್ಲ. ಎಂಟಕ್ಕೆ ಐದು ನಿಮಿಷವಿರುವಾಗ ಜಪಾನಿನ ಬಾಂಬುಗಳು ಬಿದ್ದವು. 2,400ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು.

ತಪ್ಪೆಲ್ಲ ಹವಾಯಿಯದೇ ಅಲ್ಲ. ವಾಷಿಂಗ್ಟನ್ ತನಗೆ ಗೊತ್ತಿದ್ದುದನ್ನೆಲ್ಲ ಆ ಇಬ್ಬರಿಗೆ ತಿಳಿಸಿರಲಿಲ್ಲ. ಆದರೂ ಆ ತಿಂಗಳೇ ಇಬ್ಬರನ್ನೂ ತೆಗೆದು, ದ್ವೀಪದ ರಕ್ಷಣೆಯನ್ನು ಒಬ್ಬನೇ ನೌಕಾಧಿಪತಿಯ ಕೈಗೆ ಒಪ್ಪಿಸಲಾಯಿತು. 1946ರಲ್ಲಿ ಅಮೆರಿಕದ ಶಾಸನಸಭೆಯ ಸಮಿತಿ ಈ ದುರಂತದಿಂದ ಕಲಿಯತಕ್ಕ ಆಡಳಿತ ತತ್ತ್ವಗಳನ್ನು ಪಟ್ಟಿಮಾಡಿದಾಗ, ಹೊಣೆಯ ಸ್ಪಷ್ಟ ಹಂಚಿಕೆಯನ್ನು ಮೊದಲನೆಯ ತತ್ತ್ವದಲ್ಲೇ ಸೇರಿಸಿತು. ಪಾಲು ಮಾಡುವುದು ಸುಲಭ. ಎರಡು ಪಾಲುಗಳು ಕೂಡುವ ಎಲ್ಲೆಗೆ ಕಾವಲುಗಾರನನ್ನು ಇಡುವುದೇ ಕಷ್ಟ.

ವ್ಯಾಪಾರ ಸಂಸ್ಥೆಗಳಲ್ಲಿ ತೊಂದರೆ ಇಷ್ಟು ಭೀಕರವಾಗಿ ಕಾಣಿಸಿಕೊಳ್ಳುವುದಿಲ್ಲ. ಫ್ರಾನ್ಸಿನ ಕಮಾಂತ್ರಿ ಎಂಬಲ್ಲಿನ ಕಲ್ಲಿದ್ದಲ ಗಣಿಯಲ್ಲಿ 1861ರ ಮೇ ತಿಂಗಳ ಒಂದು ಬೆಳಿಗ್ಗೆ ಕೆಲಸದ ಕುದುರೆಯೊಂದರ ಕಾಲು ಮುರಿಯಿತು. ಇನ್ನೂ ಇಪ್ಪತ್ತು ತುಂಬದ ಎಂಜಿನಿಯರ್ ಆನ್ರಿ ಫಯೋಲ್ ಬೇರೆ ಕುದುರೆಗಾಗಿ ಚೀಟಿ ಬರೆದುಕೊಟ್ಟ. ಡೈರೆಕ್ಟರರ ರುಜುವಿಲ್ಲವೆಂದು ಲಾಯದವನು ಒಪ್ಪಲಿಲ್ಲ. ಡೈರೆಕ್ಟರರು ಊರಲ್ಲಿರಲಿಲ್ಲ, ತಮ್ಮ ಬದಲಿಗೆ ಯಾರನ್ನೂ ನೇಮಿಸಿಯೂ ಇರಲಿಲ್ಲ. ಆ ಮಜಲಿನ ಉತ್ಪತ್ತಿ ನಷ್ಟವಾಯಿತು. ಲಾಯದವನನ್ನು ಬೈಯಬೇಡಿ. ಕೊಟ್ಟಿದ್ದರೆ, ನಾಳೆ ಬರುವ ಕೋಪಕ್ಕೆ ಅಡ್ಡ ನಿಲ್ಲುವವರು ಯಾರು?

ಫಯೋಲ್ ಇದನ್ನು ಬರೆದಿಟ್ಟುಕೊಂಡ. ಮುಂದೆ ಅದೇ ಕಂಪೆನಿಯ ಮುಖ್ಯಸ್ಥನಾಗಿ, 1916ರಲ್ಲಿ ಆಡಳಿತದ ಮೇಲೆ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದ. ನೌಕರನಿಗೆ ಆಜ್ಞೆ ಕೊಡುವವನು ಒಬ್ಬನೇ ಇರಬೇಕು, ಅಧಿಕಾರವೂ ಹೊಣೆಯೂ ಜೊತೆಯಾಗಿಯೇ ಹೋಗಬೇಕು ಎಂದು ಅದರಲ್ಲಿ ವಾದಿಸಿದ.

ನಮ್ಮ ಕಚೇರಿಗಳಲ್ಲಿ ಸಾಹೇಬರು ರಜೆಯ ಮೇಲೆ ಹೊರಟಾಗ ಮತ್ತೊಬ್ಬರಿಗೆ ಪ್ರಭಾರ ವಹಿಸಿಕೊಡುವ ಕಾಗದ ಹೊರಡುತ್ತದೆ. ಮುಂದಿನ ಸಲ ಅದು ನಿಮ್ಮ ಮೇಜಿಗೆ ಬಂದಾಗ ಓದಿ ನೋಡಿ. ಹೆಸರು ಇದ್ದೇ ಇರುತ್ತದೆ. ಯಾವ ಯಾವ ಕಾಗದಕ್ಕೆ ಅವರ ರುಜು ಸಲ್ಲುತ್ತದೆ ಎಂಬುದನ್ನು ಬರೆಯದಿದ್ದರೆ, ಲಾಯದವನು ಆಗಲೂ ಕುದುರೆಯನ್ನು ಬಿಚ್ಚಿ ಕೊಡಲಾರ.