ನೇರ ನೋಡಿದರೆ ಮಾಯವಾಗುವ ಸಲಗ

ಸರಗೂರು ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಅಮಾವಾಸ್ಯೆ ಹೊತ್ತಿನಲ್ಲಿ ಅಟ್ಟಣೆ ಮೇಲೆ ಕೂತು ರಾಗಿ ಕಾಯುವಾಗ ಪಕ್ಕದಲ್ಲಿ ಬೆಳ್ಳಗೆ ಏನೋ ಅಲುಗಿದಂತಾಗುತ್ತದೆ. ತಿರುಗಿ ನೋಡಿದರೆ ಇರುವುದಿಲ್ಲ. ಊರಲ್ಲಿ ಗಾಳಿ ಅಂತಾರೆ. ನಿಜವೇ?’

ಗಾಳಿಯೂ ಅಲ್ಲ, ದೆವ್ವವೂ ಅಲ್ಲ. ಆದರೆ ಅವರಿಗೆ ಕಂಡದ್ದು ಸುಳ್ಳೇನಲ್ಲ.

ಕಣ್ಣಿನಲ್ಲಿ ಬಣ್ಣ ಬಲ್ಲ ಶಂಕುಕೋಶಗಳು ಸುಮಾರು 60 ಲಕ್ಷ. ನಕ್ಷತ್ರದ ಬೆಳಕು ಅವಕ್ಕೆ ಸಾಲದು. ಆಗ ದುಡಿಯುವುದು ಹತ್ತು ಕೋಟಿಯ ಆಸುಪಾಸಿನಲ್ಲಿರುವ ದಂಡಕೋಶಗಳು. ಸೋಜಿಗ ನೋಡಿ, ನಾವು ದಿಟ್ಟಿಸಿದ್ದರ ಬಿಂಬ ಬೀಳುವ ನಟ್ಟನಡುವಿನಲ್ಲಿ ದಂಡಕೋಶ ಒಂದೂ ಇಲ್ಲ! ಆ ಜಾಗದ ವ್ಯಾಪ್ತಿ ಹೆಚ್ಚುಕಡಿಮೆ ಒಂದೂಕಾಲು ಡಿಗ್ರಿ. ಲೆಕ್ಕ ಹಾಕಿದರೆ, 200 ಮೀಟರ್ ದೂರಕ್ಕೆ ಅದು 4 ಮೀಟರಿಗೂ ಮಿಕ್ಕಿದ ಕುರುಡು ವೃತ್ತ. ನುಗು ಕಾಡಿನಿಂದ ಬಂದ 3 ಮೀಟರ್ ಎತ್ತರದ ಸಲಗ ನಮ್ಮತ್ತ ಮುಖ ಮಾಡಿ ನಿಂತರೆ ಇಡಿಯಾಗಿ ಅದರೊಳಗೆ ಅಡಗಿಬಿಡುತ್ತದೆ. ಅಷ್ಟು ದೊಡ್ಡ ಪ್ರಾಣಿಯನ್ನು ಬರೀ ದಿಟ್ಟಿಸಿಯೇ ಅಳಿಸಿಹಾಕಬಹುದು! ಅಲ್ಲೊಂದು ತೂತಿದೆ ಎಂದೂ ಗೊತ್ತಾಗುವುದಿಲ್ಲ. ಸುತ್ತಲಿನ ಕತ್ತಲನ್ನೇ ತಂದು ಮಿದುಳು ತೇಪೆ ಹಾಕುತ್ತದೆ.

ದಂಡಕೋಶಗಳು ಅತಿ ದಟ್ಟವಾಗಿರುವುದು ನಡುವಿನಿಂದ ಸುಮಾರು 20 ಡಿಗ್ರಿ ಆಚೆ. ಮಂದ ಬೆಳಕಿನ ಅಲುಗಾಟ ಕಡೆಗಣ್ಣಿಗೆ ಸಿಗುವುದು ಇದರಿಂದ. ಅವಕ್ಕೆ ಬಣ್ಣ ತಿಳಿಯದು. ಇರುಳಿನ ಆಕೃತಿಗಳೆಲ್ಲ ಬಿಳಿಚಿಕೊಂಡಂತೆ ತೋರುವುದೂ ಅದಕ್ಕೇ. ಹಾಗೆಂದು ಚಲನೆ ಹಿಡಿಯುವುದರಲ್ಲಿ ಕಡೆಗಣ್ಣೇ ಸದಾ ಮೇಲು ಎಂಬ ಮಾತನ್ನು ನಂಬಬೇಡಿ. ಹಗಲಿನಲ್ಲಿ ಅತಿ ಸಣ್ಣ ಕದಲಿಕೆಯನ್ನೂ ನೇರನೋಟವೇ ಚೆನ್ನಾಗಿ ಗುರುತಿಸುತ್ತದೆ. ಕಡೆಗಣ್ಣಿನ ಹೆಚ್ಚುಗಾರಿಕೆ ಅದರ ಹರವು.

ಗಾಳಿ ಎಂದು ತಾಯತ ಕಟ್ಟಿಸಿಕೊಂಡು ಮುಸುಕೆಳೆದುಕೊಳ್ಳುವುದು ಕಾಡಂಚಿನ ಹೊಲದಲ್ಲಿ ಪ್ರಾಣಕ್ಕೇ ಎರವಾದೀತು. ಇಂಥ ಭಯ ಬಿತ್ತಿ ಕಾಸು ಮಾಡುವವರನ್ನು ಅಟ್ಟಣೆಯ ಹತ್ತಿರವೂ ಸೇರಿಸಬೇಡಿ. ಅನುಮಾನದ ಜಾಗದಿಂದ, ಕೈ ಚಾಚಿ ಹಿಡಿದ ಮುಷ್ಟಿಯಷ್ಟು ಪಕ್ಕಕ್ಕೆ ನೋಟ ಸರಿಸಿ ಮತ್ತೆ ಗಮನಿಸಿ. ಆಕಾಶ ವೀಕ್ಷಕರು ಮಸುಕಾದ ನೀಹಾರಿಕೆಗಳನ್ನು ಕಾಣುವುದು ಇದೇ ಉಪಾಯದಿಂದ. ಟಾರ್ಚಿನ ಬೆಳಕು ಮಾತ್ರ ನಿಮ್ಮ ಕಣ್ಣಿಗೆ ಬೀಳದಿರಲಿ. ಪ್ರಖರ ಬೆಳಕು ಹೊಡೆದರೆ ದಂಡಕೋಶಗಳು ಪೂರ್ತಿ ಚೇತರಿಸಿಕೊಳ್ಳಲು ಅರ್ಧ ಗಂಟೆಯಾದರೂ ಬೇಕು. ಆನೆಯೆಂದು ಖಾತ್ರಿಯಾದರೆ ಕೆಳಗಿಳಿಯದೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ.