ಉಪಚಾರದೊಳಗಣ ವೇದನೆ

1952ರ ಪೋಲಿಯೊ ಹಾವಳಿಯಲ್ಲಿ ಕೋಪನ್‌ಹೇಗನ್ನಿನ ವೈದ್ಯರು, ಉಸಿರಾಡಲಾರದ ರೋಗಿಗಳ ಶ್ವಾಸನಾಳಕ್ಕೆ ಕೊಳವೆಯಿಟ್ಟು, ವಿದ್ಯಾರ್ಥಿಗಳಿಂದ ಹಗಲಿರುಳೆನ್ನದೆ ಕೈಯಿಂದಲೇ ಗಾಳಿಯೂಡಿಸಿ ಅವರನ್ನು ಬದುಕಿಸಿಕೊಂಡ ಸಾಹಸದಿಂದ ಹುಟ್ಟಿದುದು ಇಂದು ನಾವು ಐಸಿಯು ಎಂದು ಕರೆಯುವ ತೀವ್ರ ನಿಗಾ ಘಟಕ. ಅದು ಉಳಿಸಿಕೊಟ್ಟ ಪ್ರಾಣಗಳು ಅಸಂಖ್ಯಾತ. ಆದರೂ ಅಲ್ಲಿ ಮಲಗಿದವರು ಪಡುವ ವೇದನೆಯಲ್ಲಿ ಒಂದು ದೊಡ್ಡ ಪಾಲು ವ್ಯಾಧಿಯಿಂದಲ್ಲ, ಶುಶ್ರೂಷೆಯಿಂದಲೇ ಒದಗತಕ್ಕದ್ದೆಂಬುದನ್ನು ನಾವು ತಿಳಿಯಬೇಕು.

ಅಮೆರಿಕದ ಶುಶ್ರೂಷಾ ವಿದುಷಿ ಕ್ಯಾಥ್ಲೀನ್ ಪುಂಟಿಲ್ಲೊ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದ, ಆರು ಸಾವಿರಕ್ಕೂ ಮಿಕ್ಕ ರೋಗಿಗಳನ್ನೊಳಗೊಂಡ ಅಧ್ಯಯನದಲ್ಲಿ, ಕಫ ಹೀರುವುದು, ಗಾಯದ ಪಟ್ಟಿ ಬದಲಿಸುವುದು ಮೊದಲಾದ ಆರು ಕ್ರಿಯೆಗಳ ಪೈಕಿ ವಯಸ್ಕರಿಗೆ ಅತ್ಯಧಿಕ ನೋವನ್ನು ಕೊಟ್ಟದ್ದು ಹಾಸಿಗೆಯಲ್ಲಿ ಮಗ್ಗುಲು ಹೊರಳಿಸುವುದೇ. ಒತ್ತುಹುಣ್ಣಾಗದಿರಲೆಂದು ಗಂಟೆಗಳ ಲೆಕ್ಕದಲ್ಲಿ ದಿನವೆಲ್ಲ ನಡೆಯುವ ಕಾರ್ಯವಿದು, ಬಿಡುವಂತಿಲ್ಲ. ದುಃಖದ ಸಂಗತಿಯೆಂದರೆ, ಈ ಕ್ರಿಯೆಗಳಿಗೆ ಮುನ್ನ ಅಫೀಮುವರ್ಗದ ನೋವುಶಾಮಕ ದೊರೆತದ್ದು ಐವರಲ್ಲಿ ಒಬ್ಬರಿಗೂ ಅಲ್ಲ.

ಬಾಯಲ್ಲಿ ಕೊಳವೆಯುಳ್ಳವನು ನೋವೆಂದು ಹೇಳುವುದೆಂತು? ದಾದಿಯರಿಬ್ಬರು ಹಾಸುಬಟ್ಟೆಯ ಅಂಚು ಹಿಡಿದು ಅವನನ್ನು ಎಡಕ್ಕೆ ಹೊರಳಿಸುವಾಗ ಹುಬ್ಬು ಗಂಟಿಕ್ಕುತ್ತದೆ, ಕಣ್ಣು ಬಿಗಿಯಾಗಿ ಮುಚ್ಚುತ್ತದೆ, ಮುಷ್ಟಿ ಬಿಗಿಯುತ್ತದೆ, ಉಸಿರು ವೆಂಟಿಲೇಟರಿನ ಲಯಕ್ಕೆ ಹೊಂದದೆ ಯಂತ್ರ ಕೂಗಿಕೊಳ್ಳುತ್ತದೆ. ಕೆನಡಾದ ಸೆಲೀನ್ ಜೆಲಿನಾ 2006ರಲ್ಲಿ ಪ್ರಕಟಿಸಿದ ಮಾಪನವು ಈ ಚಿಹ್ನೆಗಳನ್ನೇ, ಅಂದರೆ ಮುಖಭಾವ, ಅಂಗಚಲನೆ, ಸ್ನಾಯುಗಳ ಬಿಗಿತ, ಯಂತ್ರದೊಡನೆ ಹೊಂದಿಕೆ, ಈ ನಾಲ್ಕನ್ನು ಎಂಟು ಅಂಕಗಳಲ್ಲಿ ಎಣಿಸುತ್ತದೆ. ಮೌನವನ್ನು ನೆಮ್ಮದಿಯೆಂದು ಬಗೆದು ಮುಂದೆ ಸಾಗುವ ಅಭ್ಯಾಸ ಇನ್ನು ಸಲ್ಲದು.

ಆಸ್ಪತ್ರೆಯ ರಾತ್ರಿಯೂ ನೋವನ್ನು ಬೆಳೆಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ರೋಗಿಗಳ ಕೋಣೆಗೆ ಇರುಳಿನಲ್ಲಿ ಸೂಚಿಸಿದ ಸದ್ದಿನ ಮಿತಿ 30 ಡೆಸಿಬೆಲ್. ನಿಗಾ ಘಟಕಗಳಲ್ಲಿ ಸದ್ದು ಸಾಮಾನ್ಯವಾಗಿ ಐವತ್ತನ್ನು ಮೀರುತ್ತದೆ. ನಿದ್ರೆಗೆಟ್ಟ ದೇಹಕ್ಕೆ ಅದೇ ಸೂಜಿ ಹೆಚ್ಚು ಚುಚ್ಚುತ್ತದೆ. ದಿನಗಟ್ಟಲೆ ಅಲುಗದ ಕೀಲುಗಳು ಬಿಗಿಯುತ್ತವೆ. ಭುಜದ ನೋವು ಕೆಲವರನ್ನು ಮನೆಗೆ ಮರಳಿದ ಮೇಲೂ ತಿಂಗಳುಗಟ್ಟಲೆ ಬಾಧಿಸುವುದುಂಟು. ಅಫೀಮುವರ್ಗದ ಔಷಧವನ್ನೇ ಬಹುಕಾಲ ಅಧಿಕವಾಗಿ ಕೊಟ್ಟರೆ ಕೆಲವರಲ್ಲಿ ನರಗಳ ಸಂವೇದನೆ ತಗ್ಗುವ ಬದಲು ತೀಕ್ಷ್ಣವಾಗುವುದರಿಂದ, ಔಷಧ ಹೆಚ್ಚಿಸಿದರೆ ಸಾಕೆನ್ನುವಂತೆಯೂ ಇಲ್ಲ.

ನೋವನ್ನು ಮೊದಲು ಅಳೆದು ಶಮನಗೊಳಿಸಿ, ಅನಂತರವೇ ನಿದ್ರೆಯ ಔಷಧದ ಮಾತೆತ್ತಬೇಕೆಂಬ ಕ್ರಮ ಈಗ ಮಾನ್ಯವಾಗಿದೆ. ಇದರಲ್ಲಿ ಬಂಧುಗಳ ಪಾತ್ರವೂ ಉಂಟು: ಈತ ನೋವಾದಾಗ ತುಟಿ ಕಚ್ಚುವವನೋ, ಮುಖ ತಿರುಗಿಸುವವನೋ ಎಂಬುದನ್ನು ಮನೆಯವರಷ್ಟು ಬಲ್ಲವರಿಲ್ಲ. ಅದನ್ನು ದಾದಿಗೆ ತಿಳಿಸಬೇಕು; ಮಗ್ಗುಲು ಹೊರಳಿಸುವ ಮುನ್ನ ಔಷಧ ಕೊಟ್ಟು, ಅದು ಮೈಗೆ ಹತ್ತುವಷ್ಟು ಹೊತ್ತು ಕಾಯಲಾಗಿದೆಯೇ ಎಂದು ಸಂಕೋಚವಿಲ್ಲದೆ ಕೇಳಬೇಕು.