ಅಣೆಕಟ್ಟಿಗೂ ಬೇಕು ಜೀರ್ಣೋದ್ಧಾರ ನಿಧಿ
ಕಾಮಠಿ ಖೈರಿಯಿಂದ ತುಂಗಭದ್ರೆಯವರೆಗೆ ಒಂದೇ ಪ್ರಶ್ನೆ: ದುರಸ್ತಿಯ ಖರ್ಚು ಯಾರದು?

ಕಾಮಠಿ: ಪೇಂಚ್, ಕೋಲಾರ್, ಕನ್ಹಾನ್ ನದಿಗಳು ಕೂಡುವ ಬೀನಾ ಸಂಗಮ ನಮ್ಮ ಕಾಮಠಿಗೆ ಸಮೀಪದಲ್ಲೇ ಇದೆ. ಇದೇ ಪೇಂಚ್ ನದಿಗೆ ಪಾರಶಿವನಿ ತಾಲೂಕಿನಲ್ಲಿ ಕಟ್ಟಿರುವ ಅಣೆಕಟ್ಟಿನ ಹೆಸರು ಕಾಮಠಿ ಖೈರಿ. 1976ರಲ್ಲಿ ಪೂರ್ಣಗೊಂಡ ಇದಕ್ಕೆ ಈಗ ಅರ್ಧ ಶತಮಾನದ ವಯಸ್ಸು. ರಾಮಟೇಕ್, ಮೌದಾ ಕಡೆಯ ಭತ್ತದ ಗದ್ದೆಗಳಿಗೆ, ನಾಗಪುರದ ನಲ್ಲಿಗಳಿಗೆ, ಕೊರಾಡಿ ಮತ್ತು ಖಾಪರಖೇಡಾದ ವಿದ್ಯುತ್ ಸ್ಥಾವರಗಳಿಗೆ ನೀರು ಪೇಂಚ್ ಯೋಜನೆಯಿಂದಲೇ ಬರುತ್ತದೆ. ಕರ್ಮಭೂಮಿಯಲ್ಲಿ ನಾವು ಕುಡಿಯುವ ನೀರಿಗೂ ಊರಿನಲ್ಲಿ ನಮ್ಮವರ ಗದ್ದೆಗೆ ಹರಿಯುವ ನೀರಿಗೂ ಈಗ ಒಂದೇ ಚಿಂತೆ ಕಾಡುತ್ತಿದೆ. ಕಟ್ಟೆ ಹಳತಾಗಿದೆ, ದುರಸ್ತಿಗೆ ಹಣ ಎಲ್ಲಿಂದ?

ತುಂಗಭದ್ರೆ ಕಲಿಸಿದ ಪಾಠ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಸರಪಳಿ ತುಂಡಾಗಿ ಕೊಚ್ಚಿಹೋದುದನ್ನು ಯಾರೂ ಮರೆತಿರಲಾರರು. ಜಲಾಶಯ ತುಂಬಿದ್ದ ಸಮಯ. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು ನೀರನ್ನು ನದಿಗೆ ಬಿಡಬೇಕಾಯಿತು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ನೀರು ತಡೆದದ್ದು ಒಂದು ಸಾಹಸವೇ ಸರಿ.

ಆದರೆ ಆ ಸಾಹಸದ ಅಗತ್ಯ ಏಕೆ ಬಂತು? 1953ರಲ್ಲಿ ನೀರು ನಿಲ್ಲಿಸಿದ ಈ ಅಣೆಕಟ್ಟಿನ 33 ಗೇಟುಗಳಿಗೂ ಎಪ್ಪತ್ತು ವರ್ಷ ಸಂದಿತ್ತು. ತಜ್ಞರ ಸಮಿತಿ ಎಲ್ಲವನ್ನೂ ಬದಲಿಸಬೇಕೆಂದಿತು. ಗೇಟ್ ಬದಲಿಸಲು ನೀರಿನ ಮಟ್ಟ ಇಳಿಯಬೇಕು. ಹೀಗಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರಿಲ್ಲ ಎಂದು ತೀರ್ಮಾನವಾಯಿತು. ಡಿಸೆಂಬರ್ 2025ರಲ್ಲಿ ಹಳೆಯ ಗೇಟುಗಳನ್ನು ತೆಗೆಯುವ ಕೆಲಸ ಆರಂಭವಾಯಿತು. ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದ ರೈತರು ಪರಿಹಾರ ಕೇಳಿದರು. ದುರಸ್ತಿಯ ನಿಜವಾದ ಬೆಲೆ ಟೆಂಡರಿನ ಮೊತ್ತವಷ್ಟೇ ಅಲ್ಲ. ರೈತನ ಕೈತಪ್ಪಿದ ಒಂದು ಬೆಳೆಯೂ ಅದರಲ್ಲಿ ಸೇರಿದೆ ಎಂಬುದು ಗಮನಾರ್ಹ.

ಇಲ್ಲಿ ಇನ್ನೊಂದು ಮಾತು. ಅಣೆಕಟ್ಟುಗಳ ಗೇಟು ತಯಾರಿಸಲೆಂದೇ ಹೊಸಪೇಟೆಯಲ್ಲಿ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಸರಕಾರಿ ಕಾರ್ಖಾನೆ ಇತ್ತು. ನಷ್ಟದ ಕಾರಣಕ್ಕೆ ಅದನ್ನು ಮುಚ್ಚಲು 2015ರಲ್ಲಿ ಕೇಂದ್ರ ಸಂಪುಟ ಒಪ್ಪಿತು. ಅದಾಗಿ ಒಂಬತ್ತು ವರ್ಷಕ್ಕೆ ಅದೇ ಊರಿನ ಗೇಟು ಕಿತ್ತುಹೋಯಿತು.

ಹಣದ ದಾರಿಗಳು

ಹಳೆಯ ಅಣೆಕಟ್ಟುಗಳ ಪುನಶ್ಚೇತನಕ್ಕೆ ವಿಶ್ವಬ್ಯಾಂಕ್ ನೆರವಿನ ‘ಡ್ರಿಪ್’ ಯೋಜನೆ 2012ರಲ್ಲಿ ಆರಂಭವಾಯಿತು. ಅದರ ಎರಡನೇ ಮತ್ತು ಮೂರನೇ ಹಂತಗಳಿಗೆ 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ನೀಡಿತು. 19 ರಾಜ್ಯಗಳ 736 ಅಣೆಕಟ್ಟುಗಳಿಗೆ ಒಟ್ಟು 10,211 ಕೋಟಿ ರೂ. ಇದರಲ್ಲಿ 7,000 ಕೋಟಿ ರೂ. ವಿದೇಶಿ ಸಾಲ, ಉಳಿದ 3,211 ಕೋಟಿ ರೂ.ಗಳನ್ನು ಯೋಜನೆ ಜಾರಿಗೊಳಿಸುವ ಸಂಸ್ಥೆಗಳೇ ಹೊಂದಿಸಬೇಕು. ಮಹಾರಾಷ್ಟ್ರ, ಕರ್ನಾಟಕ ಎರಡೂ ಪಟ್ಟಿಯಲ್ಲಿವೆ. ಲೆಕ್ಕ ಹಾಕಿದರೆ ಒಂದು ಅಣೆಕಟ್ಟಿಗೆ ಸರಾಸರಿ 14 ಕೋಟಿ ರೂ.ಗೂ ಕಡಿಮೆ. ಸಾಲ ಒಮ್ಮೆ ಸಿಗಬಹುದು. ಆದರೆ ಸರಪಳಿಗೆ ಗ್ರೀಸ್, ಗೇಟಿಗೆ ಬಣ್ಣ, ಕಾಲುವೆಯ ಹೂಳು ಇವೆಲ್ಲ ಪ್ರತಿ ವರ್ಷದ ಖರ್ಚು. ಅದಕ್ಕಾಗಿ ಅಣೆಕಟ್ಟಿನ ಮಾಲೀಕರು ಪ್ರತ್ಯೇಕ ಹಣ ತೆಗೆದಿರಿಸಬೇಕೆಂದು 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಹೇಳುತ್ತದೆ. ಕಾಯ್ದೆಯ ಮಾತು ಬಜೆಟ್ಟಿನಲ್ಲಿ ಕಾಣಿಸಬೇಕಷ್ಟೆ.

ಹಿರಿಯರ ವ್ಯವಸ್ಥೆ

ನಮ್ಮ ಹಿರಿಯರು ಈ ಸಮಸ್ಯೆಯನ್ನು ಬೇರೆ ರೀತಿ ಬಿಡಿಸಿದ್ದರು. ಕನ್ನಡ ನಾಡಿನ ಶಾಸನಗಳಲ್ಲಿ ‘ಕಟ್ಟುಕೊಡಗೆ’, ‘ಬಿತ್ತುವಟ್ಟ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಕೆರೆ ಕಟ್ಟಿದವರಿಗೆ, ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ ಅದು. ಹೊಲದ ಉತ್ಪನ್ನವೇ ದುರಸ್ತಿಯ ನಿಧಿ. ವಿದರ್ಭದಲ್ಲೂ ಭಂಡಾರಾ, ಗೊಂದಿಯಾ ಕಡೆ ಮಾಲ್‌ಗುಜಾರರು ಕಟ್ಟಿಸಿದ ಸಾವಿರಾರು ಕೆರೆಗಳಿವೆ. ಮಾಲ್‌ಗುಜಾರಿ ಪದ್ಧತಿ ರದ್ದಾಗಿ ಕೆರೆಗಳು ಸರಕಾರದ ಪಾಲಾದವು. ‘ಮಾಜಿ ಮಾಲ್‌ಗುಜಾರಿ’ ಎಂಬುದೇ ಜನರ ಬಾಯಲ್ಲಿ ‘ಮಾಮಾ ತಲಾವ್’ ಆಯಿತು. ಒಡೆತನ ಬದಲಾಯಿತು; ನೋಡಿಕೊಳ್ಳುವವರ ಪಾಲು ನಿಂತುಹೋಯಿತು. ಹೂಳು ಮಾತ್ರ ಬೆಳೆಯಿತು. ತುಂಗಭದ್ರೆಯೂ ಹೊರತಲ್ಲ. 133 ಟಿಎಂಸಿ ಸಾಮರ್ಥ್ಯ ಹೂಳಿನಿಂದಾಗಿ ಸುಮಾರು 105ಕ್ಕೆ ಇಳಿದಿದೆ.

ನಮ್ಮ ಪಾಲು

ಊರಿನ ದೈವಸ್ಥಾನ, ದೇವಸ್ಥಾನಗಳ ಜೀರ್ಣೋದ್ಧಾರಕ್ಕೆ ಹೊರನಾಡ ಕನ್ನಡಿಗರು ಕೈಬಿಚ್ಚಿ ಕೊಡುತ್ತ ಬಂದಿದ್ದಾರೆ. ದಾನಿಗಳ ಹೆಸರು ಕಲ್ಲಿನ ಮೇಲೆ ಉಳಿಯುತ್ತದೆ. ಅಣೆಕಟ್ಟಿನ ಸರಪಳಿಗೆ ಎಣ್ಣೆ ಹಾಕಿದವನ ಹೆಸರು ಎಲ್ಲಿಯೂ ಕೆತ್ತಿಸುವುದಿಲ್ಲ. ದೊಡ್ಡ ಅಣೆಕಟ್ಟಿನ ಖರ್ಚು ಚಂದಾ ಹಣದಿಂದ ತೂಗುವಂಥದ್ದಲ್ಲ, ಅದು ಸರಕಾರದ ಹೊಣೆ. ಆದರೆ ಊರಿನ ಕೆರೆಯ ಹೂಳೆತ್ತಲು, ತೂಬು ಸರಿಪಡಿಸಲು ನಮ್ಮ ಸಂಘಗಳು ನೆರವಾಗಬಹುದು. ರಜೆಯಲ್ಲಿ ಊರಿಗೆ ಹೋದಾಗ ಶಾಸಕರಲ್ಲಿ ಹೊಸ ಕಟ್ಟಡದ ಜೊತೆಗೆ ಹಳೆಯ ಗೇಟಿನ ವಿಷಯವನ್ನೂ ಕೇಳಬಹುದು. ಕೊಚ್ಚಿಹೋದ ಮೇಲೆ ಕೇಳುವುದಕ್ಕಿಂತ ಇದು ಲೇಸು.